ಕೊಡಗಿನ ಮಳೆ, ಕರೆಂಟು ಮತ್ತು ಬಾಸ್ ಜಿಟಿ-1: ದೀರ್ಘಕಾಲದ ಬಳಕೆದಾರನ ವಿಮರ್ಶೆ

ಎಲೆಕ್ಟ್ರಿಕ್ ಗಿಟಾರಿಗೆ ಮಲ್ಟಿ-ಎಫೆಕ್ಟ್ಸ್ ಪೆಡಲ್, ಎಂದರೆ ಗಿಟಾರಿನ ಧ್ವನಿಯನ್ನು ಬಗೆಬಗೆಯಾಗಿ ಬದಲಿಸುವ, ಕಾಲಿನಿಂದ ನಡೆಸುವ ಪೆಟ್ಟಿಗೆ, ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಅದರೊಳಗೆ ಎಷ್ಟು ಎಫೆಕ್ಟ್‌ಗಳಿವೆ ಎಂದು. ಕೊಡಗಿನಲ್ಲಿದ್ದುಕೊಂಡು ಮದುವೆಯ ಆರ್ಕೆಸ್ಟ್ರಾಗಳಲ್ಲಿಯೂ ಹೋಮ್‌ಸ್ಟೇಗಳ ಸಂಜೆಯ ಕಾರ್ಯಕ್ರಮಗಳಲ್ಲಿಯೂ ನುಡಿಸುವವರು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಕರೆಂಟು ಹೋದಾಗ, ಅಥವಾ ಇದ್ದೂ ಸರಿಯಿಲ್ಲದಾಗ, ಈ ಪೆಡಲ್ ಏನು ಮಾಡುತ್ತದೆ? ನಾನು ಬಾಸ್ ಕಂಪನಿಯ ಜಿಟಿ-1 ಪೆಡಲ್ ಆರಿಸಿಕೊಂಡದ್ದು ಮುಖ್ಯವಾಗಿ ಈ ಕಾರಣಕ್ಕೆ. ಹಲವು ಮಳೆಗಾಲಗಳನ್ನು ಕಂಡ ಮೇಲೂ ಅದನ್ನು ಉಳಿಸಿಕೊಂಡಿರುವುದು ಅದೇ ಕಾರಣಕ್ಕೆ.

ಜಿಟಿ-1 ಮಾರುಕಟ್ಟೆಗೆ ಬಂದದ್ದು 2016ರಲ್ಲಿ. ತೂಕ ಸುಮಾರು 1.3 ಕಿಲೋ ಇರುವುದರಿಂದ ಗಿಟಾರ್ ಚೀಲದ ಹೊರಜೇಬಿನಲ್ಲಿಯೇ ಹಿಡಿಸುತ್ತದೆ. 9 ವೋಲ್ಟ್ ಅಡಾಪ್ಟರಿನಿಂದಲೂ ಓಡುತ್ತದೆ, ನಾಲ್ಕು ಎಎ ಸೆಲ್ಲುಗಳಿಂದಲೂ ಓಡುತ್ತದೆ. ಆಲ್ಕಲೈನ್ ಸೆಲ್ಲುಗಳಲ್ಲಿ ಸುಮಾರು 7 ಗಂಟೆ ಬರುತ್ತದೆಂದು ಕಂಪನಿ ಹೇಳುತ್ತದೆ. ಆಯ್ಕೆಯ ಸಮಯದಲ್ಲಿ ನನ್ನ ಮುಂದೆ ಇನ್ನೆರಡು ಹೆಸರುಗಳಿದ್ದವು. ಜೂಮ್ ಜಿ1ಎಕ್ಸ್ ಫೋರ್ ಕೂಡ ನಾಲ್ಕು ಎಎ ಸೆಲ್ಲುಗಳಲ್ಲಿ ನಡೆಯುತ್ತದೆ, ಬೆಲೆಯೂ ಕಡಿಮೆ, ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡಲು ಬೇಕಾದ ತಾಳದ ಮಾದರಿಗಳೂ ಅದರಲ್ಲಿವೆ. ಆದರೆ ಅದರ ಯುಎಸ್‌ಬಿ ಕಿಂಡಿಯಿಂದ ಕಂಪ್ಯೂಟರಿಗೆ ಧ್ವನಿಮುದ್ರಣ ಮಾಡಲಾಗುವುದಿಲ್ಲ, ಜಿಟಿ-1ರಲ್ಲಿ ಅದು ಸಾಧ್ಯ. ಲೈನ್ 6 ಕಂಪನಿಯ ಎಚ್‌ಎಕ್ಸ್ ಸ್ಟಾಂಪ್ ಧ್ವನಿಯ ಗುಣಮಟ್ಟದಲ್ಲಿ ಇವೆರಡಕ್ಕಿಂತ ಮೇಲಿನದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದಕ್ಕೆ ಸೆಲ್ಲು ಹಾಕುವ ವ್ಯವಸ್ಥೆ ಇಲ್ಲ, 9 ವೋಲ್ಟಿನಲ್ಲಿ 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು, ಧ್ವನಿಯನ್ನು ಕಾಲಿನಿಂದಲೇ ಏರಿಸಿ ಇಳಿಸುವ ಎಕ್ಸ್‌ಪ್ರೆಶನ್ ಪೆಡಲನ್ನು ಬೇರೆಯಾಗಿ ಕೊಳ್ಳಬೇಕು, ಮತ್ತು ಬೆಲೆ ಬೇರೆಯೇ ಮಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಕಡಿಯುವುದು ಮಾಮೂಲಾಗಿರುವ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಸೆಲ್ಲಿನ ಉಪಯೋಗ ಕರೆಂಟು ಹೋದಾಗ ಮಾತ್ರವಲ್ಲ. ಹಳೆಯ ತೋಟದ ಮನೆಗಳಲ್ಲಿ ಅರ್ಥಿಂಗ್ ಸರಿಯಾಗಿರುವುದು ಅಪರೂಪ. ಮಂಟಪಗಳಲ್ಲಿ ಜನರೇಟರ್ ಚಾಲೂ ಆದ ಕೂಡಲೇ ಸ್ಪೀಕರಿನಲ್ಲಿ ‘ಗುಂಯ್’ ಎಂಬ ನಾದ ಹೊರಡುವುದು ಎಲ್ಲ ಗಿಟಾರ್ ವಾದಕರಿಗೂ ಗೊತ್ತಿರುವ ಕಾಟ. ಅಂಥ ಸಂದರ್ಭದಲ್ಲಿ ಅಡಾಪ್ಟರ್ ಕಿತ್ತು ಸೆಲ್ಲಿನಲ್ಲಿ ನಡೆಸಿ ನೋಡಿದರೆ ದೋಷ ಎಲ್ಲಿದೆಯೆಂದು ಬೇಗ ತಿಳಿಯುತ್ತದೆ. ಸದ್ದು ನಿಂತರೆ ಅದು ಅಡಾಪ್ಟರಿನಿಂದಲೋ ಉಪಕರಣಗಳ ಅರ್ಥಿಂಗ್ ಸಂಪರ್ಕಗಳು ಸೇರಿ ಸುತ್ತು ಕಟ್ಟುವ ಗ್ರೌಂಡ್ ಲೂಪಿನಿಂದಲೋ ಬಂದದ್ದು. ನಿಲ್ಲದೆ, ನಾವು ನಿಂತ ದಿಕ್ಕು ಬದಲಿಸಿದಂತೆ ಹೆಚ್ಚು ಕಡಿಮೆಯಾದರೆ ಅದು ಗಿಟಾರಿನ ತಂತಿಯ ಕಂಪನವನ್ನು ಹಿಡಿಯುವ ಸಿಂಗಲ್ ಕಾಯಿಲ್ ಪಿಕಪ್, ಸುತ್ತಲಿನ ವಿದ್ಯುತ್ ತಂತಿಗಳಿಂದ ಹೀರಿಕೊಂಡ ಸದ್ದು. ಅದನ್ನು ಯಾವ ಪೆಡಲೂ ಪೂರ್ತಿಯಾಗಿ ಅಳಿಸಲಾರದು. ಪೆಡಲಿನೊಳಗಿನ ನಾಯ್ಸ್ ಸಪ್ರೆಸರ್ ನಾವು ನುಡಿಸುವುದನ್ನು ನಿಲ್ಲಿಸಿದಾಗ ಸದ್ದನ್ನು ಮುಚ್ಚುತ್ತದೆಯೇ ಹೊರತು ನುಡಿಸುವಾಗ ಸ್ವರದ ಜೊತೆಗಿರುವುದನ್ನು ಬೇರ್ಪಡಿಸುವುದಿಲ್ಲ.

ಅಡಾಪ್ಟರ್ ಪೆಟ್ಟಿಗೆಯೊಳಗೆ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಅದರ ಪಿನ್ನಿನ ಒಳಭಾಗ ಮೈನಸ್, ಹೊರಭಾಗ ಪ್ಲಸ್. ಪೇಟೆಯಲ್ಲಿ ಸಿಗುವ ಸಾಧಾರಣ ಅಡಾಪ್ಟರುಗಳು ಬಹುತೇಕ ಇದಕ್ಕೆ ತಿರುಗುಮುರುಗಾಗಿರುತ್ತವೆ. ಮೇಲೆ ಮುದ್ರಿಸಿರುವ ಚಿಹ್ನೆಯನ್ನು ನೋಡದೆ ಯಾವುದನ್ನೂ ಸಿಕ್ಕಿಸಬಾರದು.

ಈ ಪೆಡಲಿನ ಬಗ್ಗೆ ನಾನು ಅತಿ ಹೆಚ್ಚು ಕೇಳಿರುವ ದೂರು, ಧ್ವನಿ ಕೃತಕವಾಗಿದೆ ಎಂಬುದು. ಹತ್ತರಲ್ಲಿ ಒಂಬತ್ತು ಸಲ ಅದರ ಮೂಲ ‘ಔಟ್‌ಪುಟ್ ಸೆಲೆಕ್ಟ್’ ಎಂಬ ಒಂದೇ ಸೆಟ್ಟಿಂಗಿನಲ್ಲಿರುತ್ತದೆ. ಗಿಟಾರ್ ಆಂಪ್ಲಿಫಯರಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲಿನ ಕರ್ಕಶ ಭಾಗವನ್ನು ತಾನಾಗಿಯೇ ತಗ್ಗಿಸುತ್ತದೆ. ಹಾಡುಗಾರರಿಗಾಗಿ ಇಟ್ಟಿರುವ ಪಿಎ ಸ್ಪೀಕರುಗಳು ಹಾಗೆ ಮಾಡದೆ ಎಲ್ಲವನ್ನೂ ಹೊರಗೆಡವುತ್ತವೆ. ಆದ್ದರಿಂದ ಮಿಕ್ಸರಿಗೆ ನೇರವಾಗಿ ಜೋಡಿಸುವಾಗ ‘ಲೈನ್/ಫೋನ್ಸ್’ ಆಯ್ಕೆ ಮಾಡಬೇಕು. ಆಗ ಪೆಡಲ್ ತಾನೇ ಸ್ಪೀಕರಿನ ಗುಣವನ್ನು ಅನುಕರಿಸಿ ಕೊಡುತ್ತದೆ. ಆಂಪ್ಲಿಫಯರೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೊ ಆಂಪಿನ ಮುಂಭಾಗಕ್ಕೆ ಜೋಡಿಸುವುದಾದರೆ ‘ಕಾಂಬೊ ಆಂಪ್’, ಅದರ ಹಿಂಭಾಗದ ರಿಟರ್ನ್ ಕಿಂಡಿಗೆ ಜೋಡಿಸುವುದಾದರೆ ‘ಕಾಂಬೊ ರಿಟರ್ನ್’, ರೋಲಂಡ್ ಜೆಸಿ-120 ಆಂಪ್ ಇದ್ದರೆ ಅದಕ್ಕೆಂದೇ ಪ್ರತ್ಯೇಕ ಆಯ್ಕೆ. ಇದನ್ನು ಬದಲಿಸದೆ ಆಂಪಿನಿಂದ ಮಿಕ್ಸರಿಗೆ ಬಂದವರ ಡಿಸ್ಟಾರ್ಶನ್, ಎಂದರೆ ಒಡೆದ ಒರಟು ಧ್ವನಿ, ಹೇಗಿರುತ್ತದೆ ಎಂಬುದನ್ನು ನಮ್ಮ ಕಡೆಯ ಸೌಂಡಿನ ಹುಡುಗನೊಬ್ಬ ಗೋಣಿಕೊಪ್ಪದಲ್ಲಿ ಒಬ್ಬ ಗಿಟಾರ್ ವಾದಕರಿಗೆ ಸರಿಯಾಗಿ ಹೇಳಿದ್ದ: “ಅಣ್ಣ, ಜೇನುಗೂಡಿಗೆ ಕೈ ಹಾಕಿದ ಹಾಗೆ ಕೇಳ್ತಾ ಉಂಟು.” ಸೆಟ್ಟಿಂಗ್ ಬದಲಿಸಲು ಅರ್ಧ ನಿಮಿಷ ಸಾಕಾಯಿತು, ಅದೇ ಗಿಟಾರು, ಅದೇ ಪ್ಯಾಚು (ಎಫೆಕ್ಟುಗಳನ್ನು ಹೊಂದಿಸಿ ಉಳಿಸಿಟ್ಟ ಧ್ವನಿ), ಕೇಳುವಂತಾಯಿತು.

ಮಿಕ್ಸರ್ ವೇದಿಕೆಯಿಂದ ದೂರದಲ್ಲಿದ್ದರೆ ಗಿಟಾರಿನ ಸಿಗ್ನಲನ್ನು ಉದ್ದನೆಯ ಕೇಬಲಿಗೆ ಒಗ್ಗಿಸುವ ಡಿಐ ಬಾಕ್ಸ್ ಮೂಲಕವೇ ಕಳುಹಿಸುವುದು ಒಳ್ಳೆಯದು, ಏಕೆಂದರೆ ಜಿಟಿ-1ರ ಔಟ್‌ಪುಟ್ ಸಾಧಾರಣ ಗಿಟಾರ್ ಜಾಕಿನದು, ಉದ್ದನೆಯ ಕೇಬಲಿನಲ್ಲಿ ಸದ್ದು ಸೇರಿಕೊಳ್ಳುತ್ತದೆ. ಬಾಕ್ಸಿನ ಮೇಲಿರುವ, ಕೇಬಲಿನ ಗ್ರೌಂಡ್ ಸಂಪರ್ಕ ಕಡಿಯುವ ಗ್ರೌಂಡ್ ಲಿಫ್ಟ್ ಸ್ವಿಚ್ ಮಂಟಪದ ವೈರಿಂಗಿನ ಎಷ್ಟೋ ಪಾಪಗಳನ್ನು ತೊಳೆಯುತ್ತದೆ. ಒಂದೇ ಕೇಬಲ್ ಬಳಸುವವರು ಎಡಗಡೆಯ ಮೋನೊ ಕಿಂಡಿಯನ್ನೇ ಬಳಸಬೇಕು.

ಮಳೆಗಾಲದ ಅಭ್ಯಾಸವೆಲ್ಲ ನನಗೆ ಹೆಡ್‌ಫೋನಿನಲ್ಲಿಯೇ ನಡೆಯುತ್ತದೆ. ತೋಟದ ಮನೆಗಳು ದೂರದೂರವಿರುವುದರಿಂದ ನೆರೆಯವರ ಆಕ್ಷೇಪಣೆಯೇನೂ ಇಲ್ಲ. ಕಾರಣ ಮಳೆಯೇ: ಶೀಟಿನ ಮೇಲೆ ಬೀಳುವ ಜುಲೈ ಮಳೆಯ ಮುಂದೆ ಸಣ್ಣ ಆಂಪಿನ ಧ್ವನಿ ನಮಗೇ ಕೇಳಿಸುವುದಿಲ್ಲ. ಆದರೆ ಹೆಡ್‌ಫೋನಿನಲ್ಲಿ ಕೂತು ಹದ ಮಾಡಿದ ಪ್ಯಾಚನ್ನು ಹಾಗೆಯೇ ವೇದಿಕೆಗೆ ಒಯ್ಯಲಾಗದು. ಕಡಿಮೆ ಧ್ವನಿಯಲ್ಲಿ ಮನುಷ್ಯನ ಕಿವಿಗೆ ಮಂದ್ರ ಮತ್ತು ತಾರ ಭಾಗಗಳು ಕ್ಷೀಣವಾಗಿ ಕೇಳುವುದರಿಂದ ನಾವು ಅವೆರಡನ್ನೂ ಏರಿಸುತ್ತೇವೆ; ವೇದಿಕೆಯ ಜೋರು ಧ್ವನಿಯಲ್ಲಿ ಅವೇ ಅತಿಯಾಗಿ, ಬೇಸ್ ಗಿಟಾರಿನೊಂದಿಗೆ ಒಂದು ಕಡೆ, ಸಿಂಬಲ್ಲಿನೊಂದಿಗೆ ಇನ್ನೊಂದು ಕಡೆ ಜಗಳಕ್ಕೆ ನಿಲ್ಲುತ್ತವೆ. ಪ್ಯಾಚುಗಳ ಧ್ವನಿಮಟ್ಟವನ್ನೂ ಒಂದಕ್ಕೊಂದು ಸರಿತೂಗಿಸುವುದು ಜೋರು ಧ್ವನಿಯಲ್ಲಿಯೇ ಆಗಬೇಕು. ಕಾರ್ಯಕ್ರಮಕ್ಕೆ ಮೊದಲು ಸೌಂಡ್‌ಚೆಕ್ಕಿನಲ್ಲಿ ರಿವರ್ಬನ್ನು, ಎಂದರೆ ಧ್ವನಿಯ ಅನುರಣನವನ್ನು, ಅರ್ಧಕ್ಕೆ ಇಳಿಸುವುದು ನನ್ನ ಮಾಮೂಲಿ ಕ್ರಮ, ಏಕೆಂದರೆ ಸಭಾಂಗಣದ ಗೋಡೆಗಳು ತಮ್ಮ ಪಾಲಿನ ರಿವರ್ಬನ್ನು ಕೊಟ್ಟೇ ಕೊಡುತ್ತವೆ.

ಕಾರ್ಖಾನೆಯಿಂದ ಬಂದ 99 ಪ್ಯಾಚುಗಳು ಮತ್ತು ನಾವು ಉಳಿಸಿಕೊಳ್ಳಬಹುದಾದ 99 ಜಾಗಗಳು ಇದರಲ್ಲಿವೆ. ಕಾರ್ಖಾನೆಯವು ಅಂಗಡಿಯಲ್ಲಿ ಗಿರಾಕಿಯನ್ನು ಬೆರಗುಗೊಳಿಸಲು ಮಾಡಿದವು ಎಂಬುದು ನನ್ನ ಅಭಿಪ್ರಾಯ. ತಂಡದ ನಡುವೆ ಅವುಗಳಲ್ಲಿ ಹೆಚ್ಚಿನವು ಕರಗಿಹೋಗುತ್ತವೆ. ನಿಜವಾಗಿ ಬೇಕಾಗುವುದು ಬೆರಳೆಣಿಕೆಯಷ್ಟು: ಕೋರಸ್ (ಹಲವು ಗಿಟಾರುಗಳು ಒಟ್ಟಿಗೆ ನುಡಿದಂಥ ಎಫೆಕ್ಟ್) ಇರುವ ಸ್ವಚ್ಛ ಧ್ವನಿ, ತೆಳುವಾದ ಓವರ್‌ಡ್ರೈವ್, ಸೋಲೋಗೆ ಒಂದು ಡಿಸ್ಟಾರ್ಶನ್. ಕೋರಸ್ ವಿಷಯದಲ್ಲಿ ಈ ಕಂಪನಿಯ ಮೇಲೆ ನನಗೆ ವಿಶೇಷ ನಂಬಿಕೆ. 1976ರ ಸಿಇ-1 ಪೆಡಲಿನಿಂದ ಅವರು ಅದನ್ನೇ ಮಾಡುತ್ತ ಬಂದವರು. ಕಾಲಿಗೆ ಸಿಗುವ ಸ್ವಿಚ್ಚುಗಳು ಮೂರೇ ಇರುವುದರಿಂದ, ಹಾಡಿನ ನಡುವೆ ಪ್ಯಾಚ್ ಹುಡುಕುತ್ತ ಮೇಲೆ ಕೆಳಗೆ ಒತ್ತುವುದಕ್ಕಿಂತ, ಒಂದೇ ಪ್ಯಾಚಿನೊಳಗೆ ‘ಸಿಟಿಎಲ್1’ ಸ್ವಿಚ್ಚಿಗೆ ಸೋಲೋದ ಓವರ್‌ಡ್ರೈವನ್ನು ವಹಿಸಿಕೊಟ್ಟರೆ ಕೆಲಸ ಹಗುರ. ಎಕ್ಸ್‌ಪ್ರೆಶನ್ ಪೆಡಲಿನ ತುದಿಯನ್ನು ಬಲವಾಗಿ ಒತ್ತಿದರೆ ಅದು ವಾಲ್ಯೂಮಿನಿಂದ ‘ವಾ-ವಾ’ ಎಂದು ಬಾಯಿ ತೆರೆದು ಮುಚ್ಚಿದಂತೆ ಕೇಳುವ ವಾ ಎಫೆಕ್ಟ್ ಆಗಿ ಬದಲಾಗುತ್ತದೆ. ಬರಿಗಾಲಲ್ಲಿ ಇದು ಕಷ್ಟ, ಶೂ ಬೇಕು.

ಮದುವೆಗಳಲ್ಲಿ ವಾಲಗದ ಮಟ್ಟನ್ನು ಗಿಟಾರಿನಲ್ಲಿ ನುಡಿಸಬೇಕೆಂಬ ಬೇಡಿಕೆ ಬಂದೇ ಬರುತ್ತದೆ. ಆ ಮಟ್ಟು ಕೇಳಿ ಎದ್ದು ಕುಣಿಯದ ಕೊಡಗಿನವರನ್ನು ನಾನು ಕಂಡಿಲ್ಲ. ಇಲ್ಲಿ ಮರುಧ್ವನಿ ಕೊಡುವ ಡಿಲೇಯನ್ನು ಅಂದಾಜಿನಲ್ಲಿ ಇಟ್ಟರೆ ಕುಣಿಯುವವರ ಹೆಜ್ಜೆ ಕೆಡುತ್ತದೆ. ಆರರ ನಡೆಯಲ್ಲಿ ಪ್ರತಿ ಹೆಜ್ಜೆಗೂ ಮೂರು ಭಾಗಗಳು. ನಿಮಿಷಕ್ಕೆ 100 ಹೆಜ್ಜೆಯ ವೇಗವಿದ್ದರೆ ಒಂದು ಹೆಜ್ಜೆಗೆ 600 ಮಿಲಿಸೆಕೆಂಡ್, ಒಂದು ಭಾಗಕ್ಕೆ 200. ಡಿಲೇಯನ್ನು 200, 400 ಅಥವಾ 600ಕ್ಕೆ ಇಟ್ಟರೆ ಮರುಧ್ವನಿ ನಡೆಯೊಳಗೆ ಕೂರುತ್ತದೆ. 300ಕ್ಕೆ ಇಟ್ಟರೆ ಹೆಜ್ಜೆಯನ್ನು ಎರಡಾಗಿ ಸೀಳಿ ಪರೆ ಕೊಟ್ಟು ಚರ್ಮವಾದ್ಯಗಳ ಬಡಿತಕ್ಕೆ ಅಡ್ಡ ಬರುತ್ತದೆ. ನಾನು 400ರಲ್ಲಿ, ಒಂದೇ ಒಂದು ಮರುಧ್ವನಿ, ಅದೂ ಮೆಲ್ಲಗೆ ಕೇಳುವಂತೆ ಇಟ್ಟಿದ್ದೇನೆ. ಸ್ವರ ಎಳೆದು ನಿಲ್ಲಲು ಕಂಪ್ರೆಸರ್, ಅದರ ನಂತರ ತೆಳು ಓವರ್‌ಡ್ರೈವ್. ಈ ಅನುಕ್ರಮವನ್ನು ಪೆಡಲಿನೊಳಗೆ ಬೇಕಾದಂತೆ ಬದಲಿಸಿಕೊಳ್ಳಬಹುದು.

ಕೊರತೆಗಳೂ ಇವೆ. ಹೊರಗಿನ ಐಆರ್ ಕಡತಗಳನ್ನು, ಎಂದರೆ ಬೇರೆ ಬೇರೆ ಸ್ಪೀಕರುಗಳ ಧ್ವನಿಯ ಅಚ್ಚುಗಳನ್ನು, ಇದರೊಳಗೆ ತುಂಬಲಾಗುವುದಿಲ್ಲ. ಪರದೆ ಸಣ್ಣದು, ಆಳದ ಸೆಟ್ಟಿಂಗುಗಳಿಗೆ ಇಳಿಯುವುದು ಬೇಸರದ ಕೆಲಸ. ಬಾಸ್ ಟೋನ್ ಸ್ಟುಡಿಯೋ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡರೆ ಅದೇ ಕೆಲಸ ಸರಾಗ. ಯುಎಸ್‌ಬಿ ಕೇಬಲ್ ಧ್ವನಿಯನ್ನು ಒಯ್ಯುತ್ತದೆ, ಪೆಡಲಿಗೆ ಕರೆಂಟು ಕೊಡುವುದಿಲ್ಲ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು.

ಇಲ್ಲಿನ ತೇವಕ್ಕೆ ಪೆಡಲಿಗಿಂತ ಮೊದಲು ತುತ್ತಾಗುವುದು ಜಾಕುಗಳು. ಕೇಬಲ್ ಅಲ್ಲಾಡಿಸಿದಾಗ ಚರಚರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪ್ಲಗ್ಗನ್ನು ಕೆಲವು ಸಲ ಹಾಕಿ ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಳಸದ ದಿನಗಳಲ್ಲಿ ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುತ್ತೇನೆ, ಸೆಲ್ಲುಗಳನ್ನು ತಪ್ಪದೆ ಹೊರತೆಗೆಯುತ್ತೇನೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಹಳೆಯ ಜಿಟಿ-1 ಕೊಳ್ಳುವವರು ಧ್ವನಿ ಕೇಳುವ ಮೊದಲೇ ಸೆಲ್ಲಿನ ಮುಚ್ಚಳ ತೆಗೆದು ಸ್ಪ್ರಿಂಗುಗಳ ಮೇಲೆ ಬಿಳಿಯ ಅಥವಾ ಹಸಿರು ಪುಡಿ ಇದೆಯೇ ಎಂದು ನೋಡಬೇಕು; ಇದ್ದರೆ ಸೆಲ್ಲು ಸೋರಿದೆ ಎಂದರ್ಥ. ಆಮೇಲೆ ಎಕ್ಸ್‌ಪ್ರೆಶನ್ ಪೆಡಲನ್ನು ಹಿಮ್ಮಡಿಯಿಂದ ತುದಿಯವರೆಗೆ ನಿಧಾನವಾಗಿ ಒತ್ತಿ, ಪರದೆಯ ಮೇಲಿನ ಅಂಕಿ ಜಿಗಿಯದೆ ಏರುತ್ತದೆಯೇ, ತುದಿಯ ಸ್ವಿಚ್ಚು ಪ್ರತಿ ಸಲವೂ ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ, ಅದರ ನಂತರವೇ ಬೆಲೆಯ ಮಾತಿಗೆ ಇಳಿಯುವುದು ಒಳ್ಳೆಯದು.