ಮಂಚ, ಕೊಳ, ಬಾವಿ: ಅಲೆಯಡಿ ಸಿಕ್ಕಾಗ ಯಾವುದು ಕೆಲಸಕ್ಕೆ ಬಂತು

ಕಲಬುರಗಿಯಲ್ಲಿ ಕೂತು ಸರ್ಫಿಂಗ್ ಮಾತಾಡಿದರೆ ಜನ ನಗುತ್ತಾರೆ. ನಗಲಿ ಬಿಡಿ. ನಮ್ಮೂರಿನ ಅಪ್ಪನ ಕೆರೆಯಲ್ಲಿ ಜೋರು ಗಾಳಿ ಬೀಸಿದ ದಿನ ಗೇಣುದ್ದ ಅಲೆ ಎದ್ದರೆ ಅದೇ ಹೆಚ್ಚು. ಆದರೂ ನಾಲ್ಕು ವರ್ಷದಿಂದ, ವರ್ಷಕ್ಕೆ ಎರಡು ಸಲ, ರೈಲು ಹತ್ತಿ ಬೆಂಗಳೂರು, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಕರಾವಳಿ ಅಂತ ಓಡುತ್ತಿದ್ದೇನೆ. ಮೂಲ್ಕಿ ಹತ್ತಿರದ ಸಸಿಹಿತ್ಲು ನನ್ನ ಜಾಗ.

ಎರಡು ವರ್ಷದ ಹಿಂದೆ ಮೇ ಕೊನೆಯಲ್ಲಿ ಅಲ್ಲಿ ಸರಿಯಾಗಿ ಪೆಟ್ಟು ತಿಂದೆ. ಮಳೆಗಾಲ ಹತ್ತಿರ ಬಂದಿತ್ತು, ಅಲೆ ತಲೆಗಿಂತ ಎತ್ತರ ಏಳುತ್ತಿತ್ತು. ಬೋರ್ಡ್ ಮೇಲೆ ಎದ್ದು ನಿಲ್ಲುವುದು ಒಂದು ಕ್ಷಣ ತಡವಾಯಿತು. ಬೋರ್ಡಿನ ಮೂತಿ ನೀರಿಗೆ ಚುಚ್ಚಿಕೊಂಡಿತು, ನಾನು ಮುಂದಕ್ಕೆ ಹಾರಿದೆ, ಅಲೆ ಪೂರ್ತಿ ನನ್ನ ಮೇಲೆ ಬಿತ್ತು. ಸರ್ಫಿಂಗ್ ಮಾಡುವವರು ಇದಕ್ಕೆ ವೈಪ್‌ಔಟ್ ಅಂತಾರೆ. ಒಳಗೆ ಯಾವುದು ಮೇಲೆ, ಯಾವುದು ಕೆಳಗೆ ಗೊತ್ತಾಗಲಿಲ್ಲ. ಕೈಕಾಲು ಬಡಿದೆ, ನೀರು ಕುಡಿದೆ, ಒಂದು ಸಲ ಮರಳಿಗೆ ಭುಜ ತಾಗಿತು. ಹೊರಗೆ ಬಂದಾಗ ಒಂದು ನಿಮಿಷವಾದರೂ ಒಳಗಿದ್ದೆ ಅಂತ ಆಣೆ ಮಾಡಿ ಹೇಳುವಂತಿದ್ದೆ. ದಡದಲ್ಲಿದ್ದ ಗೆಳೆಯನ ಮೊಬೈಲ್ ವಿಡಿಯೋ ನೋಡಿದೆವು. 9 ಸೆಕೆಂಡು!

ಆ 9 ಸೆಕೆಂಡು ತಲೆ ಕೊರೆಯತೊಡಗಿತು. ಪೋರ್ಚುಗಲ್‌ನ ನಜಾರೆಯಲ್ಲಿ 2020ರಲ್ಲಿ ಸೆಬಾಸ್ಟಿಯನ್ ಸ್ಟೂಟ್ನರ್ ಇಳಿದ ಅಲೆ 26.21 ಮೀಟರ್, ಅಂದರೆ ಎಂಟು ಮಹಡಿ. ಅಂಥ ಕಡೆ ಒಂದು ಅಲೆಗೂ ಇನ್ನೊಂದಕ್ಕೂ ನಡುವೆ 15ರಿಂದ 20 ಸೆಕೆಂಡು. ಮೊದಲನೆಯದು ಒಳಗೆ ಹಿಡಿದಿರುವಾಗಲೇ ಎರಡನೆಯದು ಮೇಲೆ ಬಂದರೆ ಅರ್ಧ ನಿಮಿಷ ದಾಟುತ್ತದೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾವರಿಕ್ಸ್‌ನಲ್ಲಿ ಶೇನ್ ಡೋರಿಯನ್ ಹೀಗೆ ಎರಡು ಅಲೆ ತಡೆದುಕೊಂಡು ಬದುಕಿ ಬಂದರು. ಅವರ ಮುಂದೆ ನನ್ನದು ಬಚ್ಚಲುಮನೆ ನೀರು. ಬಚ್ಚಲುಮನೆ ನೀರಿಗೇ ಈ ಗತಿ ಆದರೆ ಹೇಗೆ, ಅಲ್ವಾ?

ಅಲೆಯಡಿ ಉಸಿರು ತಡೆಯುವುದು ಕಲಿಯೋಣ ಅಂತ ಊರಿಗೆ ಬಂದು ಮೂರು ದಾರಿ ಹಿಡಿದೆ. ಒಂದೊಂದಕ್ಕೂ ಹೆಚ್ಚುಕಡಿಮೆ ಎರಡು ತಿಂಗಳು ಕೊಟ್ಟೆ.

ಮೊದಲನೆಯದು ಮಂಚ. ಖರ್ಚಿಲ್ಲ, ನೀರೂ ಬೇಡ. ಮಲಗಿ ಉಸಿರು ಹಿಡಿಯುವುದು, ಸ್ವಲ್ಪ ಬಿಡುವು, ಮತ್ತೆ ಹಿಡಿಯುವುದು. ಹಿಡಿಯುವ ಹೊತ್ತು ಅಷ್ಟೇ ಇರುತ್ತದೆ, ನಡುವಿನ ಬಿಡುವು ಮಾತ್ರ ಪ್ರತಿ ಸುತ್ತಿಗೂ 15 ಸೆಕೆಂಡು ಕಮ್ಮಿ ಆಗುತ್ತ ಹೋಗುತ್ತದೆ. ಇದರ ಹಿಂದಿನ ಲೆಕ್ಕ ಚೆಂದ ಇದೆ. ಉಸಿರು ಕಟ್ಟಿದಾಗ ಎದೆ ಒದ್ದಾಡುವುದು ಆಮ್ಲಜನಕ ಮುಗಿದಿದ್ದಕ್ಕಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ. ಒದ್ದಾಟ ಶುರುವಾದಾಗಲೂ ಒಳಗೆ ಇನ್ನೂ ಸಾಕಷ್ಟು ದಾಸ್ತಾನು ಇರುತ್ತದೆ. ಆ ಒದ್ದಾಟಕ್ಕೆ ಮೈ ಒಗ್ಗಿಸುವುದೇ ಈ ಅಭ್ಯಾಸ.

ಮೊದಲ ದಿನ 50 ಸೆಕೆಂಡು. ಎರಡು ತಿಂಗಳಿಗೆ 2 ನಿಮಿಷ 35 ಸೆಕೆಂಡು. ಅವ್ವ ಬಾಗಿಲಲ್ಲಿ ನಿಂತು, "ಯಾಕೋ, ಮೈಯಾಗ ಹುಷಾರಿಲ್ಲೇನು? ಉಸುರರ ಬಿಡೋ ಯಪ್ಪಾ" ಅಂತ ದಿನಾ ಬೈಯುತ್ತಿದ್ದಳು. ನನಗೋ ಒಳಗೊಳಗೇ ಜಂಬ.

ಜಂಬ ಇಳಿಸಿದ್ದು ನಮ್ಮ ಮನೆಯ ಮೆಟ್ಟಿಲು. ಒಂದು ದಿನ ಕೆಳಗಿನಿಂದ ಮಾಳಿಗೆಗೆ ಐದು ಸಲ ಓಡಿ ಹತ್ತಿ ಇಳಿದೆ. ಏದುಸಿರು ಬರುತ್ತಿರುವಾಗಲೇ ಉಸಿರು ಹಿಡಿದೆ. 28 ಸೆಕೆಂಡು, ಅಷ್ಟೇ. ಎರಡು ತಿಂಗಳ ತಪಸ್ಸು ಎಲ್ಲಿ ಹೋಯಿತೋ. ಅಲೆಗೆ ಸಿಕ್ಕವನು ಮಂಚದ ಮೇಲೆ ಮಲಗಿರುವುದಿಲ್ಲ. ಹತ್ತು ನಿಮಿಷ ಕೈ ಬೀಸಿ ಒಳಗೆ ಹೋಗಿ, ಎದೆ ಢವಢವ ಅನ್ನುತ್ತಿರುವಾಗ, ಅರ್ಧ ಉಸಿರಿನಲ್ಲಿ ಬಿದ್ದಿರುತ್ತಾನೆ. ಹಾಗಾಗಿ ನಂಬಬೇಕಾದ್ದು ಈ 28ನ್ನೇ. ಮಂಚದ 2:35 ನೆಂಟರ ಮುಂದೆ ಹೇಳಿಕೊಳ್ಳಲು ಚೆನ್ನ.

ಎರಡನೆಯದು ಈಜುಕೊಳ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಉದ್ದ ಜೋರಾಗಿ ಈಜಿ, ನಿಲ್ಲದೆ ತಕ್ಷಣ ನೀರಡಿ ಇನ್ನೊಂದು ಉದ್ದ. ಮೊದಲು ಅರ್ಧಕ್ಕೇ ಮೇಲೆ ಬರುತ್ತಿದ್ದೆ, ಆಮೇಲೆ ಪೂರ್ತಿ 25 ಮೀಟರ್ ಆಯಿತು. ದಮ್ಮು ಬೆಳೆಸಲು ಇದಕ್ಕಿಂತ ಒಳ್ಳೆಯದಿಲ್ಲ. ಮೇಲೆ ಕಾವಲಿನವನಿರುತ್ತಾನೆ, ಅದು ದೊಡ್ಡ ಧೈರ್ಯ. ಕೊರತೆ ಒಂದೇ. ಕೊಳದ ತಳದಲ್ಲಿ ಕಪ್ಪು ಗೆರೆ ಇದೆ. ಕಣ್ಣು ಬಿಟ್ಟರೆ ಸಾಕು, ಎಲ್ಲಿದ್ದೇನೆ, ಎಷ್ಟು ಬಾಕಿ ಎಲ್ಲಾ ಗೊತ್ತು. ಸಮುದ್ರ ಗೆರೆ ಎಳೆದು ಕೊಡುವುದಿಲ್ಲ.

ಮೂರನೆಯದು ಬಾವಿ.

ಆಳಂದದ ಕಡೆ ನಮ್ಮ ಕಾಕಾನ ಹೊಲದಲ್ಲಿ ಒಂದು ಹಳೇ ಬಾವಿ ಇದೆ. ಚೌಕದ್ದು, ಮೂರು ಕಡೆ ಕಲ್ಲು ಕಟ್ಟಿದ್ದಾರೆ, ಒಂದು ಕಡೆ ಇಳಿಯಲು ಮೆಟ್ಟಿಲು. ನೀರು ಹಸಿರು. ಒಂದು ಮೊಳದ ಕೆಳಗೆ ನಿಮ್ಮ ಕೈ ನಿಮಗೇ ಕಾಣುವುದಿಲ್ಲ. ಮೇಲಿನದು ಬೆಚ್ಚಗೆ, ಎರಡಾಳು ಕೆಳಗೆ ಹೋದರೆ ಒಮ್ಮೆಲೇ ತಣ್ಣಗೆ, ಕಿವಿ ಒತ್ತುತ್ತದೆ. ನಾನು ಚಿಕ್ಕವನಿದ್ದಾಗ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಈಸು ಕಲಿತದ್ದು ಅಲ್ಲೇ.

ಕಾಕಾನಿಗೆ ಸಮುದ್ರ ನೋಡಿ ಗೊತ್ತಿಲ್ಲ. ಆದರೆ ವಿಡಿಯೋ ನೋಡಿದ ಕೂಡಲೇ ಹೇಳಿದ, "ನಿನಗ ದಮ್ಮಿಗಿ ಏನೂ ಆಗಿಲ್ಲ. ಅಂಜೀದಿ." ಆಮೇಲೆ ಅವನೇ ಒಂದು ಪದ್ಧತಿ ಹುಡುಕಿದ. ನಾನು ಹೊಲದ ಬದುವಿಗೆ ಒಂದು ಸುತ್ತು ಓಡಿ ಬರಬೇಕು. ಕಾಕಾ ಮತ್ತು ಅವನ ಮಗ ನನ್ನ ಕೈಕಾಲು ಹಿಡಿದು, ಜೋಳದ ಚೀಲ ಎಸೆದ ಹಾಗೆ ಕೆಳಗಿನ ಮೆಟ್ಟಿಲಿನಿಂದ ನೀರಿಗೆ ಬಿಡಬೇಕು. ಯಾವಾಗ ಬಿಡುತ್ತಾರೆ ಅಂತ ಹೇಳುವುದಿಲ್ಲ. ನೀರಲ್ಲಿ ಕಾದಿರುವ ಇನ್ನೊಬ್ಬ ತಮ್ಮ ನನ್ನನ್ನು ಒಳಗೇ ಎರಡು ಸುತ್ತು ಉರುಳಿಸಬೇಕು. ನಾನು ಅವನ ಮೈ ಎರಡು ಸಲ ತಟ್ಟಿದರೆ ತಕ್ಷಣ ಬಿಡಬೇಕು. ಈ ತಟ್ಟುವ ಕರಾರು ಇಲ್ಲದೆ ಯಾರೂ ಇದಕ್ಕೆ ಇಳಿಯಬೇಡಿ.

ಮೊದಲ ವಾರ ಪ್ರತಿ ಸಲವೂ ತಟ್ಟಿದೆ. ಮೂಗಿಗೆ ನೀರು ಏರಿ ನೆತ್ತಿ ಉರಿಯುತ್ತಿತ್ತು. ಮೂಗಿನಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಡುತ್ತಿದ್ದರೆ ನೀರು ಏರುವುದಿಲ್ಲ ಅನ್ನುವುದು ಅಲ್ಲಿ ಗೊತ್ತಾಯಿತು. ಎರಡನೇ ವಾರ ಒಳಗೆ ಎಣಿಸತೊಡಗಿದೆ. ಕಾಕಾನಿಗೆ ಹೇಳಿದರೆ, "ಎಣಸಬ್ಯಾಡಪಾ, ಎಣಸಿದ್ರ ಇನ್ನೂ ಎಷ್ಟ ಉಳೀತಂತ ಅಂಜಿಕಿ ಬರ್ತದ" ಅಂದ. ಎಣಿಕೆ ಬಿಟ್ಟೆ. ಬದಲಿಗೆ ಮೈ ಸಡಿಲ ಬಿಟ್ಟು, ಗುಳ್ಳೆ ಯಾವ ಕಡೆ ಹೋಗುತ್ತಿವೆ ಅಂತ ಕೆನ್ನೆಯ ಮೇಲೆ ಗಮನಿಸುತ್ತಿದ್ದೆ. ಅವು ಹೋಗುವ ಕಡೆಯೇ ಮೇಲು. ತಿಂಗಳಾದ ಮೇಲೆ ತಟ್ಟುವುದೇ ನಿಂತಿತು.

ಬಾವಿಯಲ್ಲೇ ಒಂದು ಮಹಾ ದಡ್ಡತನವೂ ಮಾಡಿದೆ. ಮುಳುಗುವ ಮುಂಚೆ ಜೋರಾಗಿ ಇಪ್ಪತ್ತು ಮೂವತ್ತು ಸಲ ಉಸಿರಾಡಿದರೆ ಜಾಸ್ತಿ ಹೊತ್ತು ತಡೆಯಬಹುದು ಅಂತ ಕೇಳಿದ್ದೆ. ಮಾಡಿದೆ. ನಿಜವಾಗಿಯೂ ಒದ್ದಾಟವೇ ಬರಲಿಲ್ಲ. ಆರಾಮಾಗಿ ಇದ್ದೆ, ಕಣ್ಣ ಅಂಚು ಬೂದಿ ಬಣ್ಣಕ್ಕೆ ತಿರುಗಿದ್ದು ಮಾತ್ರ ನೆನಪಿದೆ. ಕಾಕಾ ಕೂದಲು ಹಿಡಿದು ಎತ್ತಿದ. ಹಾಗೆ ಉಸಿರಾಡಿದರೆ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ, ಎಚ್ಚರಿಸುವ ಗಂಟೆಯೇ ಬಂದ್. ಎಚ್ಚರ ತಪ್ಪುವುದು ಗೊತ್ತೇ ಆಗುವುದಿಲ್ಲ. ಆವತ್ತು ಒಬ್ಬನೇ ಇದ್ದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಕಾಕಾ ವಾರಗಟ್ಟಲೆ ಬಾವಿ ಹತ್ತಿರ ಬಿಡಲಿಲ್ಲ, ಅದೂ ಸರಿಯೇ.

ಮುಂದಿನ ಮೇ ಮತ್ತೆ ಸಸಿಹಿತ್ಲು. ನಾಲ್ಕು ದಿನದಲ್ಲಿ ಬೇಕಾದಷ್ಟು ಬಿದ್ದೆ. ಒಂದಂತೂ ಹಿಂದಿನ ವರ್ಷದ್ದಕ್ಕಿಂತ ಜೋರಿತ್ತು, ವಿಡಿಯೋದಲ್ಲಿ 11 ಸೆಕೆಂಡು. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್‌ಗಿಂತ ಜಾಸ್ತಿ ತೂಗುತ್ತದೆ, ಅಂದರೆ 50 ಕಿಲೋದ 20 ಚೀಲ ತೊಗರಿ. ಅಂಥ ಎಷ್ಟೋ ಚೀಲ ಒಟ್ಟಿಗೆ ಬೆನ್ನ ಮೇಲೆ ಸುರಿದ ಹಾಗಾಯಿತು. ಆದರೆ ಈ ಸಲ ಒಳಗೆ ನನಗೆ ಸಿಟ್ಟೂ ಬರಲಿಲ್ಲ, ಗಾಬರಿಯೂ ಆಗಲಿಲ್ಲ. ಉರುಳಿಸುವುದು ನಿಂತ ಮೇಲೆ ಕಾಲಿಗೂ ಬೋರ್ಡಿಗೂ ಕಟ್ಟಿದ ಹಗ್ಗ ಯಾವ ಕಡೆ ಜಗ್ಗುತ್ತಿದೆ ಅಂತ ನೋಡಿಕೊಂಡೆ. ಬೋರ್ಡ್ ಮೇಲೆ ತೇಲುತ್ತಿರುತ್ತದಲ್ಲ, ಅದೇ ದಿಕ್ಕು ತೋರಿಸಿತು. ಹೊರಬಂದಾಗ ಇನ್ನೂ ಉಸಿರು ಬಾಕಿ ಇತ್ತು. ಅದು ಬಾವಿಯ ಕೆಲಸ. ಆದರೆ ಒಂದರ ಹಿಂದೆ ಒಂದು ನಾಲ್ಕು ಅಲೆ ತಲೆ ಮೇಲೆ ಬಂದ ದಿನ ಕೈ ಹಿಡಿದದ್ದು ಕೊಳ. ಎರಡು ಅಲೆಗಳ ನಡುವೆ ಸಿಗುವ ಎರಡೇ ಉಸಿರಲ್ಲಿ ಸುಧಾರಿಸಿಕೊಳ್ಳುವುದು ಬಾವಿಯಲ್ಲಿ ಕಲಿಯಲಾಗಿರಲಿಲ್ಲ.

ಅಲ್ಲಿ ಇನ್ನೆರಡು ಜೋಡಿ ಪರೀಕ್ಷೆ ಮಾಡಿದೆ. ಒಂದು, ಒಳಗೆ ಮೈ ಹೇಗಿಡಬೇಕು ಅನ್ನುವುದು. ಕೈಕಾಲು ಅಗಲಿಸಿ ಬಿದ್ದರೆ ಅಲೆ ಒಂದೊಂದು ಅಂಗವನ್ನು ಒಂದೊಂದು ಕಡೆ ತಿರುವುತ್ತದೆ. ನನ್ನ ಮೊಣಕಾಲು ಎರಡು ದಿನ ಕುಂಟಿತು. ಚೆಂಡಿನ ಹಾಗೆ ಮುದುಡಿ, ಎರಡೂ ಕೈಯಿಂದ ತಲೆ ಸುತ್ತಿಕೊಂಡರೆ ಜಾಸ್ತಿ ಉರುಳುತ್ತೇವೆ ನಿಜ, ಆದರೆ ಮುರಿಯುವುದಿಲ್ಲ. ಬೋರ್ಡ್ ತಲೆಗೆ ಬಡಿಯುವ ಭಯವೂ ಕಮ್ಮಿ. ರಭಸ ಇಳಿದ ಮೇಲೆ ಬಿಚ್ಚಿಕೊಂಡು ಈಜಿದರಾಯಿತು. ಅದಕ್ಕೂ ಮುಂಚೆ ಈಜುವುದು ದಂಡ, ಏಕೆಂದರೆ ಬಿಳಿ ನೊರೆಯಲ್ಲಿ ಅರ್ಧ ಗಾಳಿಯೇ. ಕೈ ಬೀಸಿದರೆ ಹಿಡಿತ ಸಿಗುವುದಿಲ್ಲ, ಮೈಯೂ ತೇಲುವುದಿಲ್ಲ. ಹತ್ತಿ ರಾಶಿಯಲ್ಲಿ ಈಸಿದ ಹಾಗೆ. ಇನ್ನು ಬೀಳುವಾಗ ತಲೆ ಮುಂದಾಗಿ ಧುಮುಕುವುದಂತೂ ಬೇಡವೇ ಬೇಡ. ಸಸಿಹಿತ್ಲಿನಂಥ ಕಡೆ ಸೊಂಟದ ನೀರಲ್ಲೇ ಮರಳು ದಿಬ್ಬ ಇರುತ್ತದೆ.

ಇನ್ನೊಂದು, ಫೋಮ್ ತುಂಬಿದ ಅಂಗಿ. ಗೆಳೆಯನದು ಎರವಲು ತಂದಿದ್ದೆ. ಹಾಕಿಕೊಂಡರೆ ಪಕ್ಕೆಗೆ ಪೆಟ್ಟು ಕಮ್ಮಿ, ಬೇಗ ಮೇಲೆ ಬರುತ್ತೇವೆ. ಆದರೆ ಎದುರಿನಿಂದ ಅಲೆ ಬಂದಾಗ ಅದರ ಕೆಳಗೆ ನುಸುಳಲು ಬಿಡುವುದಿಲ್ಲ, ಎತ್ತಿ ಎತ್ತಿ ನೊರೆಗೇ ಕೊಡುತ್ತದೆ. ನನ್ನಂಥವನ ಅಲೆಗೆ ಅದು ಬೇಡ ಅನ್ನಿಸಿತು. ದೊಡ್ಡ ಅಲೆಯವರದು ಬೇರೆ ಬಗೆ: ಹಗ್ಗ ಎಳೆದರೆ ಮಾತ್ರ ಗಾಳಿ ತುಂಬುವ ಅಂಗಿ. ಬೇಕಾದಾಗ ಮುಳುಗಬಹುದು, ಬೇಕಾದಾಗ ತೇಲಬಹುದು. ಡೋರಿಯನ್ ಆ ಎರಡು ಅಲೆಯ ಅನುಭವದ ಮೇಲೆ ಮಾಡಿಸಿದ್ದು ಅದನ್ನೇ.

ಅಂಗಿ ಇದ್ದರೂ ಬ್ರೆಜಿಲ್‌ನ ಸರ್ಫರ್ ಮಾಯಾ ಗಬೇರಾ ಸಂಗತಿ ನೆನಪಿರಲಿ. 2013ರಲ್ಲಿ ನಜಾರೆಯಲ್ಲಿ ಬಿದ್ದು ಎಚ್ಚರ ತಪ್ಪಿದಾಗ ಅವರನ್ನು ದಡಕ್ಕೆ ತಂದದ್ದು ಜೊತೆಗಾರ ಕಾರ್ಲೋಸ್ ಬರ್ಲೆ. ಮರಳ ಮೇಲೆ ಎದೆ ಒತ್ತಿ ಉಳಿಸಿದರು. ಅದೇ ಮಾಯಾ 2020ರಲ್ಲಿ ಅದೇ ನಜಾರೆಯಲ್ಲಿ 22.4 ಮೀಟರ್ ಅಲೆ ಇಳಿದು ಹೆಂಗಸರ ದಾಖಲೆ ಮಾಡಿದರು. ಈ ಕಥೆ ಹೇಳಿದಾಗ ಕಾಕಾ ಕೇಳಿದ್ದು ಒಂದೇ: "ಅಲ್ಲಿ ನಿನ್ನ ಕೂದಲ ಹಿಡದು ಎತ್ತೋರು ಯಾರದಾರ?" ಅಲ್ಲಿಯ ತನಕ ಒಂದೊಂದು ಸಲ ಒಬ್ಬನೇ ಅಲೆಗೆ ಹೋಗುತ್ತಿದ್ದೆ. ಈಗ ಇಲ್ಲ.

ಯಾರಾದರೂ ಒಂದನ್ನೇ ಆರಿಸು ಅಂದರೆ ಬಾವಿ ಅಂತೀನಿ, ಕಾಕಾನಂಥವರು ಇದ್ದರೆ ಮಾತ್ರ. ಇಲ್ಲದಿದ್ದರೆ ಕೊಳ. ಮಂಚ ಮೂರನೆಯದು, ಅದೂ ಮೆಟ್ಟಿಲು ಜೊತೆಗಿದ್ದರೆ.

ಈ ವರ್ಷ ಬಾವಿ ಏಪ್ರಿಲ್‌ಗೇ ತಳ ಕಂಡಿದೆ. ಮೊನ್ನೆ ಹೋಗಿ ನೋಡಿದೆ, ಮೊಣಕಾಲುದ್ದ ಕೆಸರು, ನಾಲ್ಕು ಕಪ್ಪೆ. ಹಾಗಾಗಿ ಈ ಮೇ ತನಕ ಬೆಳಿಗ್ಗೆ ಕೊಳ, ಸಂಜೆ ಮೆಟ್ಟಿಲು. ತಮ್ಮನಿಗೆ ಕೊಳಕ್ಕೇ ಬಂದು ಉರುಳಿಸು ಅಂದಿದ್ದೆ, ಮೊದಲ ಸಲಕ್ಕೇ ಕಾವಲಿನವನು ಸೀಟಿ ಊದಿ ಇಬ್ಬರನ್ನೂ ಹೊರಗೆ ಕರೆದ.