ಕೆಸರಿನ ದಾರಿಗೆ ಯಾವ ಕ್ರ್ಯಾಂಕ್ ಬೇರಿಂಗ್?

ಮಳೆಗಾಲದಲ್ಲೂ ಭದ್ರಾ ನಾಲೆ ಏರಿ ಮೇಲೆ ಸೈಕಲ್ ಓಡಿಸಬೇಕು ಅಂದಿರಲ್ವಾ, ಹಾಗಾಗಿ ಕೆಸರನ್ನೇ ಮೊದಲು ನೋಡೋಣ. ಕ್ರ್ಯಾಂಕ್ ಅಂದರೆ ಪೆಡಲ್ ಕೂರುವ ತೋಳು; ಅದರ ಆಕ್ಸಲ್ ಫ್ರೇಮಿನಲ್ಲಿ ತಿರುಗುವ ಜಾಗದಲ್ಲಿರುವುದೇ ಕ್ರ್ಯಾಂಕ್ ಬೇರಿಂಗ್. ಕಪ್ ಒಳಗೆ ಉಕ್ಕಿನ ಗುಂಡುಗಳು ತಿರುಗುವ ಹಳೆಯ ಕಪ್-ಬಾಲ್ಸ್ ಸೆಟ್‌ಗೆ ಗಟ್ಟಿ ಸೀಲ್ ಇರುವುದಿಲ್ಲ. ದಾವಣಗೆರೆಯ ಎರೆಮಣ್ಣಿನ ನೀರು ಒಳಗೆ ಹೋದರೆ ಗ್ರೀಸ್ ಕರಿ ರಾಡಿಯಾಗಿ, ತುಳಿದಾಗೆಲ್ಲ ಕರಕರ ಅನ್ನುತ್ತದೆ. ಆದರೆ ಬೆಲೆ ಕಡಿಮೆ, ಹಳ್ಳಿಯ ಸೈಕಲ್ ಶಾಪಿನಲ್ಲೂ ಬಿಚ್ಚಿ ತೊಳೆದು ಕೊಡುತ್ತಾರೆ. ಬಿಡಿಸುವ ತಾಳ್ಮೆ ಇದ್ದವರಿಗೆ ಇದೇ ಸಾಕು.

ಒಂದೇ ಡಬ್ಬಿಯಂತೆ ಬರುವ ಸೀಲ್ಡ್ ಕಾರ್ಟ್ರಿಜ್‌ನಲ್ಲಿ ಬೇರಿಂಗ್ ಫ್ರೇಮಿನ ಒಳಗೇ ಮುಚ್ಚಿಕೊಂಡಿರುತ್ತದೆ. ದುಡ್ಡು ಜಾಸ್ತಿ, ಸವೆದರೆ ಇಡೀ ಸೆಟ್ಟೇ ಬದಲಿಸಬೇಕು. ಆದರೂ ದಿನಾ ಕೆಸರು ತುಳಿಯುವವರಿಗೆ ನಾನು ಹೇಳುವುದು ಇದನ್ನೇ.

ಮೂರನೆಯದು, ಬೇರಿಂಗ್ ಕಪ್ ಫ್ರೇಮಿನ ಹೊರಗೆ ಕೂರುವ ಬಗೆ: 24 ಮಿ.ಮೀ. ಟೊಳ್ಳು ಆಕ್ಸಲ್‌ನ ಹೊರಗಿನ ಕಪ್ ಬಲು ಗಟ್ಟಿ, ಬದಲಿಸುವುದೂ ಸುಲಭ. ಚಿತ್ರದುರ್ಗದ ಒಣ ಗುಡ್ಡಗಳನ್ನು ಜೋರಾಗಿ ಹತ್ತುವವರಿಗೆ ಒಪ್ಪುತ್ತದೆ. ಆದರೆ ಬೇರಿಂಗ್ ಕೆಸರಿಗೆ ಎದುರಾಗಿ ಹೊರಗೇ ಕೂತಿರುತ್ತದೆ. ಹಳೆಯ ಸೈಕಲ್ಲಾದರೆ ಕ್ರ್ಯಾಂಕೂ ಬದಲಿಸಬೇಕು. ಯಾವುದೇ ಹಾಕಿಸಿ, ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ಮಾತ್ರ ಅಲ್ಲಿಗೆ ಬಿಡಿಸಬೇಡಿ.