ಸ್ಕೂಟಿಗೆ ಸೈಡ್ ವೀಲ್ ಹಾಕಿಸೋ ಮುಂಚೆ ಇದನ್ನ ಓದಿ, ನನ್ನ ಹಾಗೆ ಮೋಸ ಹೋಗಬೇಡಿ

ಬಾಗಲಕೋಟೆ, ಬಾದಾಮಿ, ಇಳಕಲ್, ಹುನಗುಂದ ಕಡೆ ಇರುವವರು, ಅದರಲ್ಲೂ ಕಾಲಿಗೆ ತೊಂದರೆ ಇದ್ದು ಸ್ಕೂಟಿಗೆ ಸೈಡ್ ವೀಲ್ (ಹಿಂದಿನ ಗಾಲಿಯ ಎರಡೂ ಪಕ್ಕ ಹಾಕುವ ಚಕ್ರ) ಹಾಕಿಸಬೇಕು ಅಂತ ಇರುವವರು ದಯವಿಟ್ಟು ಪೂರ್ತಿ ಓದಿ. ಉದ್ದ ಆಗುತ್ತೆ, ಆದರೂ ಓದಿ. ಮೂರು ತಿಂಗಳಿಂದ ಯಾರ ಮುಂದೆಯೂ ಹೇಳಿರಲಿಲ್ಲ. ನಾಚಿಕೆ ಆಗಿತ್ತು. ಓದು ಬರಹ ಬಲ್ಲವಳು ನಾನು, ಓದದೇ ಸಹಿ ಹಾಕಿದೆ ಅಂತ ಹೇಗೆ ಹೇಳಲಿ?

ನಾನು ಗುಳೇದಗುಡ್ಡದವಳು. ಎರಡು ವರ್ಷದವಳಿದ್ದಾಗ ಪೋಲಿಯೋ ಆಗಿ ಎಡಗಾಲಿನ ಶಕ್ತಿ ಹೋಯಿತು. ಪಲ್ಸ್ ಪೋಲಿಯೋ ಶುರು ಆಗಿದ್ದು 1995ರಲ್ಲಿ, ನನಗೆ ಆಗಿದ್ದು ಅದಕ್ಕೂ ಮೊದಲು. ಕಾಲಿಗೆ ಆಸರೆ ಕೊಡುವ ಕಬ್ಬಿಣದ ಪಟ್ಟಿ, ಕ್ಯಾಲಿಪರ್, ಹಾಕಿಕೊಂಡು ನಡೆಯುತ್ತೇನೆ. ಖಣದ ಕುಪ್ಪಸ ಹೊಲಿಯುತ್ತೇನೆ, ಬಾದಾಮಿ, ಬಾಗಲಕೋಟೆ ಅಂಗಡಿಗಳಿಗೆ ಕೊಡುತ್ತೇನೆ. ಇಷ್ಟು ವರ್ಷ ಬಟ್ಟೆ ಗಂಟು ಹೊತ್ತುಕೊಂಡು ಬಸ್ಸಿಗೆ ಹೋಗುತ್ತಿದ್ದೆ, ಇಲ್ಲಾ ಮೈದುನನ ಗಾಡಿ ಹಿಂದೆ ಕೂತು ಹೋಗುತ್ತಿದ್ದೆ. ಅವನು ಬಿಡುವಾದಾಗ ನನ್ನ ಕೆಲಸ. ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನವರು ಬೇಗ ಬೇಗ ಅನ್ನೋದು ಕೇಳಿ ಕೇಳಿ ಸಾಕಾಗಿತ್ತು.

ನಮ್ಮ ಅಂಗವಿಕಲರ ಇಲಾಖೆಯಿಂದ ಕೊಡುವ ಯಂತ್ರಚಾಲಿತ ದ್ವಿಚಕ್ರ ವಾಹನಕ್ಕೂ ಅರ್ಜಿ ಹಾಕಿದ್ದೆ. ಲಿಸ್ಟಿನಲ್ಲಿ ಹೆಸರು ಬರಲಿಲ್ಲ. ಮತ್ತೆ ಕಾಯುವ ತಾಳ್ಮೆ ಇರಲಿಲ್ಲ. ದಸರಾಕ್ಕೆ ಸಂಘದಲ್ಲಿ ಸಾಲ ತೆಗೆದು ಗೇರ್ ಇಲ್ಲದ 110 ಸಿಸಿ ಸ್ಕೂಟಿ ತಗೊಂಡೆ. ಗೇರ್ ಇಲ್ಲದ ಗಾಡಿಗೆ ಎರಡೂ ಬ್ರೇಕ್ ಕೈಯಲ್ಲೇ ಇರುತ್ತೆ, ಓಡಿಸೋಕೆ ಕಾಲು ಬೇಕಿಲ್ಲ. ನಿಲ್ಲಿಸುವಾಗ ಮಾತ್ರ ಕಾಲು ಊರಬೇಕು, ಅದಕ್ಕೇ ಸೈಡ್ ವೀಲ್. ಬನಶಂಕರಿ ಜಾತ್ರೆಗೆ ಒಂದು ಸಣ್ಣ ಅಂಗಡಿ ಹಾಕಬೇಕು, ನಾನೇ ಗಾಡಿ ಮೇಲೆ ಓಡಾಡಬೇಕು ಅಂತ ಲೆಕ್ಕ ಹಾಕಿದ್ದೆ.

ಬಾಗಲಕೋಟೆಯಲ್ಲಿ ಒಂದು ಗ್ಯಾರೇಜು. ಹೆಸರು ಬರೆಯಲ್ಲ, ವಕೀಲರು ಬೇಡ ಅಂದಿದ್ದಾರೆ. ಬೋರ್ಡ್ ಹೀಗಿತ್ತು: ಅಂಗವಿಕಲರಿಗೆ ಸೈಡ್ ವೀಲ್ ಹಾಕಿಕೊಡಲಾಗುವುದು, ಆರ್‌ಸಿ, ಲೈಸೆನ್ಸ್ ಸಮೇತ. ಈ 'ಸಮೇತ' ಅನ್ನೋ ಮಾತಿಗೇ ನಾನು ಬಿದ್ದೆ. ಆರ್‌ಟಿಒ ಆಫೀಸಿಗೆ ಕ್ಯಾಲಿಪರ್ ಹಾಕಿಕೊಂಡು ನಾಲ್ಕು ಸಲ ಅಲೆಯೋದು ತಪ್ಪುತ್ತಲ್ಲ ಅಂತ.

ಆ ಗ್ಯಾರೇಜಿನವರ ಮಾತು ಎಷ್ಟು ಚೆಂದ ಅಂತೀರಿ! "ಅಕ್ಕಾರ, ನೀವು ಏನೂ ಚಿಂತಿ ಮಾಡಬ್ಯಾಡ್ರಿ. ಬರೇ ಸಹಿ ಮಾಡ್ರಿ, ಉಳಿದದ್ದು ನನ್ನ ಮ್ಯಾಲ ಬಿಡ್ರಿ." ಅವರ ಹೆಂಡತಿ ಒಳಗಿಂದ ಚಹಾ ತಂದುಕೊಟ್ಟಳು. ಚಕ್ರಕ್ಕೆ 22,000, ಆರ್‌ಸಿಯಲ್ಲಿ ಸೇರಿಸೋಕೆ 6,000, ಲೈಸೆನ್ಸಿಗೆ 5,000. ಒಟ್ಟು 33,000. ಹದಿಮೂರು ಸಾವಿರ ಫೋನ್‌ಪೇ ಮಾಡಿದೆ, ಇಪ್ಪತ್ತು ಸಾವಿರ ಕೈಯಲ್ಲಿ ಕೊಟ್ಟೆ. ಬಿಲ್ ಕೇಳಿದ್ದಕ್ಕೆ "ಬಿಲ್ ತಗೊಂಡ್ರ ಜಿಎಸ್‌ಟಿ ಬೀಳ್ತೈತ್ರಿ ಅಕ್ಕಾರ, ನಿಮಗ ಯಾಕ ಸುಮ್ನ ಲುಕ್ಸಾನು" ಅಂದರು. ನನ್ನ ಮೇಲೆ ಎಷ್ಟು ಕಾಳಜಿ ಅಂದುಕೊಂಡೆ ನಾನು.

ಲೈಸೆನ್ಸಿನ ಅರ್ಜಿಯನ್ನ ಅಲ್ಲೇ ಕಂಪ್ಯೂಟರಿನಲ್ಲಿ ತುಂಬಿದರು. ಈಗ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಪರೀಕ್ಷೆ ಆಧಾರ್ ಮೇಲೆ ಆನ್‌ಲೈನಲ್ಲೇ ಕೊಡಬಹುದು, ಆಫೀಸಿಗೆ ಹೋಗಬೇಕಿಲ್ಲ. ಪರೀಕ್ಷೆ ನಾನೇ ಬರೆದೆ, ಪಾಸಾದೆ. ಆದರೆ ಅದಕ್ಕೂ ಮೊದಲು ತುಂಬುವ ಫಾರ್ಮ್ ಅವರೇ ತುಂಬಿದರು. ಟಪಟಪ ಅಂತ ಮೌಸ್ ಒತ್ತಿದ ಸದ್ದು ಮಾತ್ರ ನನಗೆ ಗೊತ್ತು. ನನಗಿಂತ ಮೊದಲು ಒಬ್ಬ ಹುಡುಗ ಕೂತಿದ್ದ, ಅವರಪ್ಪ "ಇವಗ ಆಗೊಮ್ಮೆ ಈಗೊಮ್ಮೆ ಮೂರ್ಛೆ ಬರ್ತೈತ್ರಿ" ಅಂದಿದ್ದು ನನ್ನ ಕಿವಿಗೇ ಬಿತ್ತು. "ಅದನ್ನೆಲ್ಲಾ ಹೇಳಬಾರದ್ರಿ ಕಾಕಾ" ಅಂದುಬಿಟ್ಟರು ಇವರು. ಆಗಲೇ ನಾನು ಎದ್ದು ಬರಬೇಕಿತ್ತು. ಎದ್ದು ಬರಲಿಲ್ಲ. ಆ ಹುಡುಗ ಈಗ ಯಾವ ರೋಡಿನಲ್ಲಿ ಗಾಡಿ ಓಡಿಸ್ತಿದ್ದಾನೋ ಅಂತ ರಾತ್ರಿ ನೆನಪಾಗುತ್ತೆ.

ಎಲ್‌ಎಲ್ ಪ್ರಿಂಟ್ ಕೈಗೆ ಕೊಟ್ಟು "ಇದ ಲೈಸೆನ್ಸ್ ಇದ್ದಂಗ, ಇನ್ನೊಂದು ತಿಂಗಳಿಗೆ ಪೋಸ್ಟ್‌ನ್ಯಾಗ ಕಾರ್ಡ್ ಬರ್ತೈತಿ" ಅಂದರು. ಎಲ್‌ಎಲ್ ಆರು ತಿಂಗಳಿಗೆ ಮಾತ್ರ, ಮೂವತ್ತು ದಿನ ಆದಮೇಲೆ ನಾವೇ ಹೋಗಿ ಗಾಡಿ ಓಡಿಸಿ ತೋರಿಸಬೇಕು. ಓಡಿಸಿ ತೋರಿಸದೇ ಕಾರ್ಡ್ ಹೇಗೆ ಬರುತ್ತೆ ಅಂತ ನಾನು ಕೇಳಲೇ ಇಲ್ಲ.

ಗಾಡಿ ಮೊದಲ ದಿನದಿಂದಲೇ ಸರಿ ಇರಲಿಲ್ಲ. ತಿರುವಿನಲ್ಲಿ ಮೈ ಹೊರಗೆ ಎಸೆದ ಹಾಗೆ ಆಗುತ್ತೆ, ಅದು ಸೈಡ್ ವೀಲ್ ಗಾಡಿಯಲ್ಲಿ ಇದ್ದದ್ದೇ, ವಾಲಿಸಿ ತಿರುಗಿಸೋಕೆ ಆಗಲ್ಲ, ನಿಧಾನ ಹೋಗಬೇಕು. ಅದನ್ನ ಕಲಿತೆ. ಆದರೆ ಎಲ್ಲಾದರೂ ತಗ್ಗು ಬಂದರೆ ಗಾಡಿ ಸುಮ್ನೆ ನಿಂತುಬಿಡುತ್ತಿತ್ತು. ರೇಸ್ ಕೊಟ್ಟರೆ ಸದ್ದು ಬರುತ್ತೆ, ಗಾಡಿ ಮುಂದೆ ಹೋಗಲ್ಲ. ಫೋನ್ ಮಾಡಿದೆ. "ಹೊಸಾದು ಅಲ್ರಿ ಅಕ್ಕಾರ, ಸೆಟ್ ಆಗಬೇಕು" ಅಂದರು. ಒಂದು ವಾರ ಬಿಟ್ಟು ಮತ್ತೆ ಮಾಡಿದೆ. "ನಿಮ್ಮೂರ ರಸ್ತಾ ಸರಿ ಇಲ್ಲ, ವೀಲ್‌ದೇನು ತಪ್ಪು?" ಅಂದರು.

ಡಿಸೆಂಬರಿನಲ್ಲಿ ಒಂದು ಸಂಜೆ ಬಾದಾಮಿಯಿಂದ ವಾಪಸ್ ಬರುತ್ತಿದ್ದೆ. ಎದುರಿಗೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಟ್ರ್ಯಾಕ್ಟರ್ ಬಂತು. ದಾರಿ ಬಿಡೋಕೆ ಬದಿಗೆ ತಗೊಂಡೆ. ಒಂದು ಸೈಡ್ ವೀಲ್ ಡಾಂಬರಿನ ಮೇಲೆ, ಇನ್ನೊಂದು ಮಣ್ಣಿನ ದಿಬ್ಬದ ಮೇಲೆ, ನಡುವೆ ತಗ್ಗು. ಇಳಿಜಾರು ಬೇರೆ. ಎಡಗೈ ಬ್ರೇಕ್ ಒತ್ತಿದೆ, ಗಾಡಿ ನಿಲ್ಲುತ್ತಿಲ್ಲ. ಹಿಂದಿನ ಗಾಲಿ ನೆಲಕ್ಕೇ ತಾಗಿಲ್ಲ ಅಂದರೆ ಬ್ರೇಕ್ ಹಿಡಿದು ಏನು ಬಂತು? ಗಾಬರಿಯಲ್ಲಿ ಬಲಗೈ ಬ್ರೇಕನ್ನೂ ಜೋರಾಗಿ ಒತ್ತಿದೆ. ಮುಂದಿನ ಗಾಲಿ ಜಲ್ಲಿ ಮೇಲೆ ಜಾರಿತು. ಗಾಡಿ ಸಮೇತ ಚರಂಡಿಗೆ ಬಿದ್ದೆ. ಮೊಣಕೈ ಒಡೆಯಿತು, ಕ್ಯಾಲಿಪರಿನ ಪಟ್ಟಿ ಬಾಗಿ ಎದ್ದು ನಿಲ್ಲೋಕೂ ಆಗಲಿಲ್ಲ. ಟ್ರ್ಯಾಕ್ಟರ್ ಡ್ರೈವರ್ ಇಳಿದು ಬಂದು ಎತ್ತಿ ಕೂರಿಸಿದ, ಒದ್ದೆಯಾದ ಖಣಗಳನ್ನ ಒಂದೊಂದೇ ಆರಿಸಿ ಕೊಟ್ಟ. ಅವನ ಹೊಟ್ಟೆ ತಣ್ಣಗಿರಲಿ.

ನಮ್ಮೂರ ಮೆಕ್ಯಾನಿಕ್ ಹುಡುಗ ಮಾರನೇ ದಿನ ಗಾಡಿ ನೋಡಿದ. ಅಂಗಳದಲ್ಲಿ ಒಂದು ಸಣ್ಣ ತಗ್ಗಿನ ಮೇಲೆ ನಿಲ್ಲಿಸಿ, ನನ್ನ ಕೊರಳಲ್ಲಿದ್ದ ಅಳತೆ ಟೇಪ್ ಕೇಳಿ ತಗೊಂಡ. ಅದನ್ನ ಹಿಂದಿನ ಟೈರಿನ ಕೆಳಗೆ ಈ ಕಡೆಯಿಂದ ಹಾಕಿ ಆ ಕಡೆಯಿಂದ ಎಳೆದ. ಸಲೀಸಾಗಿ ಬಂತು. "ನೋಡ್ರಿ ಅಕ್ಕಾ, ಗಾಲಿ ಗಾಳ್ಯಾಗ ಐತಿ." ಸರಿಯಾದ ಕಿಟ್‌ನಲ್ಲಿ ಎರಡೂ ಪಕ್ಕದ ಚಕ್ರಗಳಿಗೆ ಬೇರೆ ಬೇರೆ ಸ್ಪ್ರಿಂಗ್ ಇರುತ್ತಂತೆ, ತಗ್ಗು ದಿನ್ನೆಗೆ ಅವು ಮೇಲೆ ಕೆಳಗೆ ಆಡುತ್ತವೆ, ನಡುವಿನ ಗಾಲಿ ಯಾವಾಗಲೂ ನೆಲ ಹಿಡಿದಿರುತ್ತೆ. ಗಾಡಿ ಎಳೆಯೋದೂ ಆ ಗಾಲಿ, ಹಿಂದಿನ ಬ್ರೇಕ್ ಇರೋದೂ ಅದಕ್ಕೇ. ನನ್ನದರಲ್ಲಿ ಸ್ಪ್ರಿಂಗೇ ಇಲ್ಲ. ಒಂದು ಚೌಕದ ಪೈಪು, ಎರಡು ತುದಿಗೆ ಎರಡು ಗಾಲಿ, ಅಷ್ಟೇ. ಶಾಕ್ ಅಬ್ಸಾರ್ಬರ್ ಬೋಲ್ಟಿನ ಹತ್ತಿರ ವೆಲ್ಡ್ ಮಾಡಿದ ಜಾಗದಲ್ಲಿ ಆಗಲೇ ಕೂದಲೆಳೆಯಷ್ಟು ಬಿರುಕು. 22,000 ರೂಪಾಯಿ!

ಗ್ಯಾರೇಜಿನವರಿಗೆ ಫೋಟೋ ಕಳಿಸಿದೆ. ನೋಡಿದ್ದಾರೆ, ನೀಲಿ ಟಿಕ್ ಬಂತು. ಉತ್ತರ ಇಲ್ಲ. ಮೂರು ದಿನ ಆದಮೇಲೆ ವಾಯ್ಸ್ ಮೆಸೇಜ್ ಬಂತು. ಅದನ್ನ ಇನ್ನೂ ಇಟ್ಟುಕೊಂಡಿದ್ದೇನೆ. "ನೋಡ್ರಿ ಅಕ್ಕಾರ, ನಿಮ್ಮಂಥವರಿಗೆ ಪುಣ್ಯಾ ಬರ್ಲಿ ಅಂತ ಕಡಿಮಿ ರೇಟಿಗೆ ಮಾಡಿಕೊಟ್ಟೀನಿ. ಕಾಲು ಸರಿ ಇಲ್ಲದವ್ರು ಅಷ್ಟು ದೂರ ಗಾಡಿ ಯಾಕ ಹೊಡೀಬೇಕು?" ಮೊಣಕೈ ನೋವಿಗಿಂತ ಇದು ಜಾಸ್ತಿ ನೋಯಿಸಿತು. ಮೂವತ್ತಮೂರು ಸಾವಿರ ಎಣಿಸಿಕೊಳ್ಳುವಾಗ ಪುಣ್ಯ ಎಲ್ಲಿತ್ತು? ಆಗ ನಾನು ಗಿರಾಕಿ, ಬಿದ್ದಮೇಲೆ ಕಾಲು ಸರಿ ಇಲ್ಲದವಳು.

ಇನ್ನೂ ಇದೆ. ಗಾಡಿಗೆ ಫುಲ್ ಇನ್ಶೂರೆನ್ಸ್ ಇತ್ತು, ಕ್ಲೇಮ್ ಹಾಕಿದೆ. ನೋಡೋಕೆ ಬಂದವರು ಆರ್‌ಸಿ ಕೇಳಿದರು. ಅದರಲ್ಲಿ ಮಾಮೂಲಿ ಸ್ಕೂಟರ್ ಅಂತಲೇ ಇದೆ! ಆರು ಸಾವಿರ ಕೊಟ್ಟ ಕೆಲಸ ಆಗೇ ಇಲ್ಲ, ಅರ್ಜಿ ಕೂಡ ಹಾಕಿಲ್ಲ. ಲೈಸೆನ್ಸ್ ಎಲ್ಲಿ ಅಂದರು, ಎಲ್‌ಎಲ್ ತೋರಿಸಿದೆ. ಅದರಲ್ಲಿರೋದು ಗೇರ್ ಇಲ್ಲದ ಮೋಟರ್‌ಸೈಕಲ್, ನೀವು ಓಡಿಸಿದ್ದು ಬೇರೆ ಥರದ ಗಾಡಿ ಅಂದರು. ಕ್ಲೇಮ್ ರದ್ದಾಯಿತು.

ನನಗೆ ಪೂರ್ತಿ ಕಣ್ಣು ತೆರೆದಿದ್ದು ನಮ್ಮೂರ ಕಂಪ್ಯೂಟರ್ ಸೆಂಟರಿನಲ್ಲಿ. ಅರ್ಜಿ ನಂಬರ್ ಕೊಟ್ಟು ನನ್ನ ಅರ್ಜಿಯ ಪ್ರಿಂಟ್ ತೆಗೆಸಿದೆ. ಅದರಲ್ಲಿ ಫಾರ್ಮ್ 1 ಅಂತ ಒಂದಿರುತ್ತೆ, ನಮ್ಮ ಆರೋಗ್ಯದ ಬಗ್ಗೆ ನಾವೇ ಕೊಡುವ ಹೇಳಿಕೆ. ಮೂರ್ಛೆ, ತಲೆಸುತ್ತು ಇದೆಯಾ, 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತಾ, ಇರುಳುಗುರುಡು ಇದೆಯಾ ಅಂತೆಲ್ಲ ಕೇಳಿರುತ್ತಾರೆ. ಅದರಲ್ಲೇ ಒಂದು ಪ್ರಶ್ನೆ: ಕೈ ಅಥವಾ ಪಾದ ಕಳೆದುಕೊಂಡಿದ್ದೀರಾ, ತೋಳು ಅಥವಾ ಕಾಲಿನ ಸ್ನಾಯುಬಲದಲ್ಲಿ ಏನಾದರೂ ದೋಷ ಇದೆಯಾ? ಅದರ ಮುಂದೆ 'ಇಲ್ಲ'. ಕೆಳಗೆ ನನ್ನ ಸಹಿ. ಎರಡು ವರ್ಷದವಳಿದ್ದಾಗಿನಿಂದ ಎಳೆದುಕೊಂಡು ನಡೆದ ಕಾಲು, ಅದರ ಬಗ್ಗೆ 'ಇಲ್ಲ' ಅಂತ ನಾನೇ ಬರೆದುಕೊಟ್ಟ ಹಾಗೆ. ಆ ಹಾಳೆ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ. ಸೆಂಟರಿನ ಹುಡುಗಿ ನೀರು ಕೊಟ್ಟಳು.

ಗ್ಯಾರೇಜಿನವರಿಗೆ ಫೋನ್ ಮಾಡಿ ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಅಂತ. "ಹೌದು ಅಂತ ಹಾಕಿದ್ರ ಲೈಸೆನ್ಸ್ ಕೊಡಂಗಿಲ್ರಿ, ನಿಮ್ಮ ಒಳ್ಳೇದಕ್ಕ ಮಾಡೀನಿ."

ಇದು ಸುಳ್ಳು. ಹಸಿ ಸುಳ್ಳು. ಬಾಗಲಕೋಟೆ ನವನಗರದ ಆರ್‌ಟಿಒ ಆಫೀಸಿಗೆ ನಾನೇ ಹೋದೆ, ಯಾರನ್ನೂ ಹಿಡಿಯದೆ ಹೋದೆ. ಅಲ್ಲಿನ ಮೇಡಂ ಕೂರಿಸಿಕೊಂಡು ಹೇಳಿದರು. ನಮಗೆ ಅಂತಲೇ ಲೈಸೆನ್ಸಿನಲ್ಲಿ ಬೇರೆ ವರ್ಗ ಇದೆ, ಅಡಾಪ್ಟೆಡ್ ವೆಹಿಕಲ್ ಅಂತ. ಮೊದಲು ಅದಕ್ಕೆ ಇನ್‌ವ್ಯಾಲಿಡ್ ಕ್ಯಾರೇಜ್ ಅನ್ನುತ್ತಿದ್ದರು, ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಹೆಸರು ಬದಲಾಯಿತು. ಇರೋದನ್ನ ಇದ್ದ ಹಾಗೆ ಬರೆದು, ನಮಗೆ ಹೊಂದುವ ಗಾಡಿ ನಾವೇ ಓಡಿಸಿ ತೋರಿಸಿದರೆ ಆ ಲೈಸೆನ್ಸ್ ಕೊಡುತ್ತಾರೆ. ನಿಜ ಹೇಳಿದ್ದರೂ ಸಿಗುತ್ತಿತ್ತು! ಹೊಟ್ಟೆ ಉರಿಯೋದು ಇದಕ್ಕೇ. ನಿಜ ಹೇಳಿ ಸರಿಯಾಗಿ ತಗೋಬಹುದಾಗಿದ್ದ ಲೈಸೆನ್ಸಿಗೆ ನಾನು 5,000 ಕೊಟ್ಟು ಸುಳ್ಳು ಹೇಳಿಸಿಕೊಂಡೆ.

ಆರ್‌ಸಿದೂ ಅಷ್ಟೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಂತ ಇದೆಯಂತೆ, ಗಾಡಿಯಲ್ಲಿ ಇಂಥ ಬದಲಾವಣೆ ಮಾಡಬೇಕಾದರೆ ಆರ್‌ಟಿಒ ಅನುಮತಿ ಬೇಕು, ಕಿಟ್ ಅಪ್ರೂವಲ್ ಇರೋದಾಗಿರಬೇಕು, ಆಮೇಲೆ ಗಾಡಿ ತಂದು ತೋರಿಸಿ ಆರ್‌ಸಿಯಲ್ಲಿ ಬರೆಸಬೇಕು. ಹೊಸ ಗಾಡಿ ತಗೊಳ್ಳುವಾಗಲೇ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಕೊಟ್ಟು ಹಾಗೇ ನೋಂದಣಿ ಮಾಡಿಸಿದ್ದರೆ ಟ್ಯಾಕ್ಸ್ ವಿನಾಯಿತಿಗೂ ಕೇಳಬಹುದಿತ್ತು ಅಂದರು. ಶೋರೂಮಿನಲ್ಲಿ ನನ್ನ ಕಾಲು ನೋಡಿದವರು ಒಬ್ಬರಾದರೂ ಈ ಮಾತು ಹೇಳಲಿಲ್ಲ, ಅವರ ಮೇಲೂ ಸಿಟ್ಟಿದೆ ನನಗೆ.

ಹಾಕಿಸುವವರಿಗೆ ನಾನು ಹೇಳೋದು ಇಷ್ಟೇ. ಮೊದಲು ಆರ್‌ಟಿಒಗೆ ನೀವೇ ಹೋಗಿ, ಆಮೇಲೆ ಗ್ಯಾರೇಜಿಗೆ. ನಿಮ್ಮ ಗಾಡಿಯ ಮಾಡೆಲ್‌ಗೆ ಹಾಕುವ ಕಿಟ್‌ಗೆ ಎಆರ್‌ಎಐ (ಗಾಡಿಗಳನ್ನ ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವ ಸಂಸ್ಥೆ) ಅಪ್ರೂವಲ್ ಇದೆಯಾ ಅಂತ ಕಾಗದ ಕೇಳಿ, ಬಾಯಿಮಾತು ಬೇಡ. ಬಿಲ್ ಕೊಡಲ್ಲ ಅಂದರೆ ಚಹಾ ಕುಡಿಯದೇ ಎದ್ದು ಬನ್ನಿ. ಫಾರ್ಮ್ 1 ನೀವೇ ತುಂಬಿ. ಚಕ್ರ ಹಾಕಿಸಿದ ಮೇಲೆ ಇನ್ಶೂರೆನ್ಸಿನವರಿಗೆ ತಿಳಿಸಿ. ನಮ್ಮಂಥ ಅಂಗವಿಕಲರಿಗೆ ನೆರವಾಗೋಕೆ ಅಂತಲೇ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಇರುತ್ತಾರಲ್ಲ, ಅವರನ್ನ ಮೊದಲೇ ಕೇಳಿ. ನಾನು ಕೇಳಿದ್ದು ಎಲ್ಲ ಮುಗಿದ ಮೇಲೆ.

ಜಾತ್ರೆ ತಪ್ಪಿತು. ಹೊಲಿದಿಟ್ಟ ಕುಪ್ಪಸಗಳು ಟ್ರಂಕಿನಲ್ಲಿವೆ. ಸಂಘದ ಕಂತು ಪ್ರತಿ ವಾರ ಕಟ್ಟುತ್ತಿದ್ದೇನೆ. ಆ ಚಕ್ರ ಬಿಚ್ಚಿಸಿ ತೆಗೆದಿಟ್ಟಿದ್ದೇನೆ. ಹಳೇ ಎಲ್‌ಎಲ್ ಬಿಟ್ಟು ಹೊಸದಾಗಿ ಅರ್ಜಿ ಹಾಕುತ್ತೇನೆ, ಆ ಪ್ರಶ್ನೆಯ ಮುಂದೆ 'ಹೌದು' ಅಂತ ನಾನೇ ಬರೆಯುತ್ತೇನೆ. ಗ್ರಾಹಕರ ಆಯೋಗಕ್ಕೆ ದೂರು ಬರೆಸಿದ್ದೇನೆ, ಫೋನ್‌ಪೇ ಮಾಡಿದ 13,000ಕ್ಕೆ ಸಾಕ್ಷಿ ಇದೆ. ಕೈಯಲ್ಲಿ ಕೊಟ್ಟ ಇಪ್ಪತ್ತು ಸಾವಿರಕ್ಕೆ ನನ್ನ ಹತ್ತಿರ ಏನೂ ಇಲ್ಲ. ಮೊನ್ನೆ ಗ್ಯಾರೇಜಿನವರು ಫೋನ್ ಎತ್ತಿ "ಯಾರ್ರಿ ನೀವು, ನಂಬರ್ ಸೇವ್ ಇಲ್ಲ" ಅಂದರು.

ಒಂದು ಮಾತ್ರ ಬೇಗ ಮಾಡಿ. ನಮ್ಮ ಭಾಗದಲ್ಲಿ ಯಾರ ಸ್ಕೂಟಿಗಾದರೂ ಸ್ಪ್ರಿಂಗ್ ಇಲ್ಲದೆ, ನೀಲಿ ಬಣ್ಣ ಹೊಡೆದ ಚೌಕದ ಪೈಪಿಗೆ ಸೈಡ್ ವೀಲ್ ಹಾಕಿದ್ದರೆ, ಗಾಡಿ ತೆಗೆಯೋ ಮುಂಚೆ ಬೋಲ್ಟಿನ ಹತ್ತಿರ ವೆಲ್ಡಿಂಗ್ ನೋಡಿ. ಟಾರ್ಚ್ ಹಾಕಿ ನೋಡಿ, ಬಣ್ಣದ ಕೆಳಗೆ ಬಿರುಕು ಸುಲಭಕ್ಕೆ ಕಾಣಲ್ಲ. ಆ ಮೂರ್ಛೆಯ ಹುಡುಗನ ಮನೆಯವರು ಯಾರಿಗಾದರೂ ಗೊತ್ತಿದ್ದರೆ ಇದನ್ನ ಅವರಿಗೂ ಮುಟ್ಟಿಸಿ.